‘ಆಪಲ್ ಬಟರ್’ ಮತ್ತು ‘ಕ್ಯಾನಿಂಗ್’: ಸೂಕ್ತ ಕನ್ನಡ ಪದಗಳ ಬಗ್ಗೆ

ಮಾನ್ಯರೇ,

ಮೈಸೂರಿನ ನಮ್ಮ ಬಡಾವಣೆಯ ಮಹಿಳಾ ಸಂಘಕ್ಕಾಗಿ, ಹಣ್ಣುಗಳನ್ನು ಮನೆಯಲ್ಲೇ ಕೆಡದಂತೆ ಕಾಪಿಡುವ ವಿಧಾನಗಳ ಕಿರುಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಮೆರಿಕದ ಮನೆಗಳಲ್ಲಿ ರೂಢಿಯಲ್ಲಿರುವ ‘ಆಪಲ್ ಬಟರ್’ ಕೂಡ ಅದರಲ್ಲಿ ಸೇರಿದ್ದು, ಎರಡು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಕೇಳಬಯಸುತ್ತೇನೆ.

ಮೊದಲನೆಯದು ತಿನಿಸಿನ ಹೆಸರೇ. ಇದರಲ್ಲಿ ಬೆಣ್ಣೆಯ ಸೋಂಕೂ ಇಲ್ಲ. ಸೇಬನ್ನು ಹೆಚ್ಚಿ, ಸ್ವಲ್ಪ ನೀರಿನಲ್ಲೋ ಸೇಬಿನ ರಸದಲ್ಲೋ ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಸೋಸಿ, ಸಕ್ಕರೆ, ಚಕ್ಕೆ, ಲವಂಗ ಸೇರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಕಂದುಬಣ್ಣ ಬರುವವರೆಗೆ ಬತ್ತಿಸಿದ ಪಾಕವಿದು. ಬ್ರೆಡ್ಡಿನ ಮೇಲೆ ಬೆಣ್ಣೆಯ ಹಾಗೆ ಸವರಲು ಬರುವುದರಿಂದ ಅದಕ್ಕೆ ಆ ಹೆಸರು. ‘ಸೇಬಿನ ಬೆಣ್ಣೆ’ ಎಂದರೆ ಓದುಗರು ಬೆಣ್ಣೆ ಎಷ್ಟು ಹಾಕಬೇಕೆಂದು ಹುಡುಕುತ್ತಾರೆ. ಈ ಬಗೆಯ ತಿನಿಸುಗಳಿಗೆಲ್ಲ ‘ಹಣ್ಣಿನ ಬೆಣ್ಣೆ’ ಎಂದರಂತೂ ಅವಕಾಡೊಗೆ ನಾವು ಹೇಳುವ ‘ಬೆಣ್ಣೆಹಣ್ಣು’ ಅಡ್ಡ ಬರುತ್ತದೆ.

‘ಜಾಮ್’ ಎಂದು ಕರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಜಾಮಿನಲ್ಲಿ ಕರಗಿದ ಘನಾಂಶ (ಬಹುಪಾಲು ಸಕ್ಕರೆ) ಶೇ. 65ಕ್ಕೆ ಕಡಿಮೆಯಿರುವಂತಿಲ್ಲ, ಅಮೆರಿಕದ ನಿಯಮದಲ್ಲಿ ಹಣ್ಣಿನ ಬಟರಿಗೆ ಶೇ. 43 ಇದ್ದರೆ ಸಾಕು. ‘ಮುರಬ್ಬ’ದಲ್ಲಿ ಹಣ್ಣಿನ ಹೋಳು ಹೋಳಾಗಿಯೇ ಉಳಿಯುತ್ತದೆ. ‘ರಸಾಯನ’ ನಮ್ಮಲ್ಲಿ ಬೇಯಿಸದೆ ಕಲಸಿ ಅಂದೇ ತಿನ್ನುವಂಥದು. ‘ಲೇಹ್ಯ’ ರೂಪದಲ್ಲಿ ತೀರ ಹತ್ತಿರ, ಆದರೆ ಆ ಪದ ಕೇಳಿದೊಡನೆ ಔಷಧದ ಅಂಗಡಿ ನೆನಪಾಗುತ್ತದೆ. ನನ್ನ ಒಲವಿರುವುದು ಕರಾವಳಿಯ ‘ಬೆರಟಿ’ಯ ಕಡೆಗೆ. ಹಲಸಿನ ಹಣ್ಣನ್ನು ಹೀಗೆಯೇ ಬತ್ತಿಸಿ ಮುಂದಿನ ದಿನಗಳಿಗೆ ತೆಗೆದಿಡುವ ಪದ್ಧತಿಗೆ ಅಲ್ಲಿ ಈಗಾಗಲೇ ಹೆಸರಿರುವಾಗ, ‘ಸೇಬಿನ ಬೆರಟಿ’ ಎನ್ನಲು ಅಡ್ಡಿಯೇನು? ಮೈಸೂರು, ಮಂಡ್ಯದ ಓದುಗರಿಗೆ ಅದು ಅಪರಿಚಿತವೆಂಬುದೊಂದೇ ನನ್ನ ಅಳುಕು. ಬೆರಟಿ ಇದಕ್ಕಿಂತ ಗಟ್ಟಿಯಾಗಿರುತ್ತದೆಂಬ ಆಕ್ಷೇಪವೂ ಬರಬಹುದು.

ಪ್ರಾಸಂಗಿಕವಾಗಿ ಒಂದು ಮಾತು: ಇದರ ಹದ ಹೇಳುವಾಗ ‘ಎಳೆಪಾಕ’ ಎಂದು ಬರೆಯಲಾಗದು, ಏಕೆಂದರೆ ಇಲ್ಲಿ ಎಳೆ ಬರುವುದಿಲ್ಲ. ತಟ್ಟೆಗೆ ಒಂದು ಚಮಚ ಹಾಕಿದಾಗ ಅಂಚಿನ ಸುತ್ತ ನೀರು ಬಿಡದೆ ನಿಂತರೆ ಹದ ಬಂದಂತೆ.

ಎರಡನೆಯ ಪದ ‘ಕ್ಯಾನಿಂಗ್’, ಅಂದರೆ ಆಹಾರವನ್ನು ಡಬ್ಬಿಗೋ ಬಾಟಲಿಗೋ ತುಂಬಿ, ಕೆಡದಂತೆ ಕಾಯಿಸಿ, ಗಾಳಿಯಾಡದಂತೆ ಮುಚ್ಚಿಡುವುದು. ಇದರಲ್ಲಿ ಎಡವಿದರೆ ಆರೋಗ್ಯಕ್ಕೇ ತೊಂದರೆ. ಸರ್ಕಾರಿ ಕನ್ನಡದ ‘ಡಬ್ಬೀಕರಣ’ ಕಾರ್ಖಾನೆಯ ತಗಡಿನ ಡಬ್ಬಿಗೆ ಸರಿಹೊಂದುತ್ತದೆ. ಅಮೆರಿಕದ ಗೃಹಿಣಿ ಕ್ಯಾನ್ ಮಾಡುವುದು ಗಾಜಿನ ಬಾಟಲಿಯಲ್ಲಿ. ‘ಜಾಡಿಯಲ್ಲಿ ತುಂಬಿಡಿ’ ಎಂದರೆ ನಮ್ಮವರು ಉಪ್ಪಿನಕಾಯಿಯ ಪಿಂಗಾಣಿ ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟಾರು. ಇಲ್ಲಿಯ ಕ್ರಮ ಬೇರೆ: ಬಿಸಿಯಾಗಿರುವಾಗಲೇ ಬಾಟಲಿಗೆ ತುಂಬಿ, ಮೇಲೆ ಕಾಲು ಅಂಗುಲ ತೆರಪು ಬಿಟ್ಟು, ಮುಚ್ಚಳ ಹಾಕಿ, ಬಾಟಲಿಯನ್ನು ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸಿ ಇಡಬೇಕು. ಸಮುದ್ರಮಟ್ಟದಲ್ಲಿ ಇದಕ್ಕೆ 5 ನಿಮಿಷ ಸಾಕು. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 100 ಡಿಗ್ರಿ ತಲುಪುವ ಮೊದಲೇ ಕುದಿಯುವುದರಿಂದ 10 ನಿಮಿಷ ಬೇಕು. ಸೇಬಿನ ಪಿಎಚ್ (ಹುಳಿಯ ಅಳತೆ; ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆಯಿರುವ ಕಾರಣ, ಒತ್ತಡದ ಹಬೆಯಲ್ಲಿ ಬಾಟಲಿ ಕಾಯಿಸುವ ಪ್ರೆಷರ್ ಕ್ಯಾನರ್ ಬೇಕಾಗುವುದಿಲ್ಲ. ಆರಿದ ಮೇಲೆ ಮುಚ್ಚಳದ ನಡುಭಾಗ ಒಳಕ್ಕೆ ಸೆಳೆದುಕೊಂಡು, ಬೆರಳಿನಿಂದ ಒತ್ತಿದರೆ ‘ಟಕ್’ ಎನ್ನದೆ ಸುಮ್ಮನಿರಬೇಕು.

ಇದಕ್ಕೆ ನಮ್ಮ ಮನೆಯಲ್ಲಿ ‘ಮುಚ್ಚಳ ಕಚ್ಚಿಕೊಂಡಿದೆ’ ಎನ್ನುತ್ತೇವೆ. ‘ಸೀಲ್ ಆಗಿದೆ’ ಎಂಬುದಕ್ಕೆ ಇದನ್ನೇ ಬಳಸಿದ್ದೇನೆ. ಆದರೆ ತುಂಬುವುದರಿಂದ ಹಿಡಿದು ಕಚ್ಚಿಸುವವರೆಗಿನ ಇಡೀ ಕ್ರಿಯೆಗೆ ಒಂದೇ ಪದ ಸಿಕ್ಕಿಲ್ಲ. ‘ಬಾಟಲೀಕರಣ’ ಎಂದರೆ ನೀರಿನ ಬಾಟಲಿಯ ಕಾರ್ಖಾನೆ ಕಣ್ಣಿಗೆ ಬರುತ್ತದೆ. 1950ರಿಂದಲೂ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇರುವ ಈ ಊರಿನಲ್ಲಿ ‘ಕ್ಯಾನಿಂಗ್’ ಎಂದೇ ಬರೆದು, ಮೊದಲ ಸಲ ಮಾತ್ರ ವಿವರಿಸಿದರೆ ನಡೆದೀತೇ? ಅಥವಾ ‘ಕುದಿಮುಚ್ಚಿಗೆ’ಯಂಥ ಹೊಸ ಪದ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಕರಾವಳಿಯವರು ಬೆರಟಿಯನ್ನು ಸೇಬಿಗೂ ಬಿಟ್ಟುಕೊಡುವಿರಾ ಎಂಬುದನ್ನೂ ದಯವಿಟ್ಟು ತಿಳಿಸಿ.