ಲಾಟ್ ನಂಬರ್ ತಾರೀಖಾಗುತ್ತಿದೆ, ಏನು ಮಾಡಲಿ?

ಬ್ಯಾಡಗಿಯಿಂದ ಪ್ರಶ್ನೆ:
ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಐದು ವರ್ಷದ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿದೆ. ಅದು ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಮೇಲಾಗಿ 12-3 ಎಂದು ಲಾಟ್ ನಂಬರ್ ಹೊಡೆದರೆ ಮಾರ್ಚ್ 12 ಆಗಿಬಿಡುತ್ತದೆ. ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೇ?

ಹುಬ್ಬಳ್ಳಿಯಿಂದ:
ಈಗಲೇ ದುಡ್ಡು ಸುರಿಯಬೇಡಿ ಸರ್. ನಾನು ಹತ್ತಿ ವ್ಯಾಪಾರಿಗಳ ಲೆಕ್ಕ ಬರೆಯುವವನು, ಇದೇ ಹಳ್ಳಕ್ಕೆ ಬಿದ್ದಿದ್ದೇನೆ. ತಾರೀಖಾದ ಮೇಲೆ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ ಸರಿಹೋದೀತೆಂದು ನೋಡಿದೆ. 2024ರಲ್ಲಿ ಹೊಡೆದಿದ್ದ 12-3 ಹೋಗಿ 45363 ಎಂದು ಬಂದು ಕುಳಿತಿತು! ಅದು 1900ರಿಂದ ಎಣಿಸಿದ ದಿನಗಳ ಸಂಖ್ಯೆ. ಕೊನೆಗೆ ಚೀಟಿಗಳ ಕಟ್ಟು ಬಿಚ್ಚಿ ಒಂದೊಂದನ್ನೇ ತಾಳೆ ನೋಡಬೇಕಾಯಿತು. ಹಾಗಾಗಿ ಮೊದಲ ಅಕ್ಷರ ಹೊಡೆಯುವ ಮುನ್ನವೇ ಕಾಲಂ ಟೆಕ್ಸ್ಟ್ ಆಗಿರಲಿ. ರೈತರ ಬ್ಯಾಂಕ್ ಖಾತೆ ಸಂಖ್ಯೆಗೂ ಅಷ್ಟೇ: ಎಡಗಡೆಯ ಸೊನ್ನೆ ಹಾರಿಹೋಗುತ್ತದೆ, 15 ಅಂಕಿ ದಾಟಿದರೆ ಉಳಿದವು ಸೊನ್ನೆಯಾಗುತ್ತವೆ. ಹೊಸ ಆವೃತ್ತಿಗಳಲ್ಲಿ ಈ ಎರಡನ್ನು ನಿಲ್ಲಿಸುವ ಆಯ್ಕೆ ಇದೆ. ನನ್ನ ಕೇಳಿದರೆ, ನಾವು ಹೊಡೆದದ್ದನ್ನು ಹೊಡೆದಂತೆಯೇ ಇಟ್ಟುಕೊಂಡು, 'ಇದು ತಾರೀಖೇ?' ಎಂದು ಎಕ್ಸೆಲ್ ಕೇಳಬೇಕಿತ್ತು. ವಂಶವಾಹಿಗಳ ವಿಜ್ಞಾನಿಗಳೇ ಇದರ ಕಾಟಕ್ಕೆ ಸೋತು, 2020ರ ಹೊತ್ತಿಗೆ 'ಮಾರ್ಚ್1'ನಂಥ ವಂಶವಾಹಿಗಳ ಹೆಸರನ್ನೇ ಬದಲಿಸಿದರು. ನಮ್ಮ ಲಾಟ್ ಚೀಟಿ ಯಾವ ಲೆಕ್ಕ?

ಗದಗಿನಿಂದ:
ರೈತರ ಹೆಸರು ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿದ್ದರೆ ಮೊದಲು ಯುನಿಕೋಡ್‌ಗೆ ತನ್ನಿ. ಇಲ್ಲವಾದರೆ ಹುಡುಕಿದರೂ ಸಿಗುವುದಿಲ್ಲ, ಅಕಾರಾದಿಯೂ ಆಗುವುದಿಲ್ಲ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಅಕ್ಷರದ) ಫೈಲನ್ನು ನೇರವಾಗಿ ಒತ್ತಿ ತೆರೆಯಬೇಡಿ, ಕನ್ನಡವೆಲ್ಲ ಕಲಸಿಹೋಗಬಹುದು. ಡೇಟಾ ಟ್ಯಾಬ್‌ನಿಂದ ತಂದು ಯುಟಿಎಫ್-8 ಎಂಬ ಯುನಿಕೋಡ್ ಮಾದರಿ ಆರಿಸಿ.

ಧಾರವಾಡದಿಂದ:
ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತದೆ. ಒಂದು ಅಂಗಡಿಯ ಲೆಕ್ಕ ಅಲ್ಲಿಯವರೆಗೆ ಹೋಗಿರಲಾರದು. ಫೈಲ್ ನಿಧಾನವಾಗಲು ಕಾರಣ ಬೇರೆ ಇರಬೇಕು: ಸಾಲುಸಾಲಿಗೂ ಇಡೀ ಕಾಲಂ ಹುಡುಕುವ ವಿಲುಕಪ್ ಸೂತ್ರವಿದೆಯೇ, ನೋಡಿ. ವರ್ಷಕ್ಕೊಂದು ಫೈಲ್ ಮಾಡಿ ಒಂದೇ ಫೋಲ್ಡರಿನಲ್ಲಿಡಿ, ಹಲವು ಫೈಲುಗಳನ್ನು ಒಟ್ಟುಗೂಡಿಸುವ ಪವರ್ ಕ್ವೆರಿ ಎಂಬ ಸಾಧನದಿಂದ ಕೂಡಿಸಿಕೊಳ್ಳಿ. ಎಕ್ಸೆಲ್ 2016ರಿಂದ ಅದು ಒಳಗೇ ಇದೆ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿ ಮಾತ್ರ ಬೇಡ, ಅದರ ಮಿತಿ 65,536 ಸಾಲು. 2020ರಲ್ಲಿ ಇಂಗ್ಲೆಂಡಿನ ಸುಮಾರು 16,000 ಕೋವಿಡ್ ಪ್ರಕರಣಗಳು ಎಣಿಕೆಯಿಂದ ಜಾರಿದ್ದು ಆ ಮಿತಿಯಿಂದಲೇ.

ಬ್ಯಾಡಗಿಯಿಂದ:
ವಿಲುಕಪ್ ಇದೆ, ಸಾಲಿಗೆ ನಾಲ್ಕರಂತೆ! ಅಳಿಯ ಹಾಕಿಕೊಟ್ಟದ್ದು, ಆದ್ದರಿಂದ ಮನೆಯಲ್ಲಿ ಕೇಳಿಯೇ ತೆಗೆಯಬೇಕು. ಇದೊಂದು ಸಂತೆ ಮುಗಿಯಲಿ, ಕೂರುತ್ತೇನೆ.