ಮಾಸಿನ ಲೈಸೇಟ್‌ನಲ್ಲಿ ಕ್ಯಾಲ್‌ಬಿಂಡಿನ್-ಡಿ9ಕೆ ಬ್ಯಾಂಡ್ ಬರುತ್ತಿಲ್ಲ

ಪ್ರಶ್ನೆ:
ತುಂಬು ತಿಂಗಳ ಮಾಸಿನ (ಪ್ಲಾಸೆಂಟಾ) ವಿಲ್ಲಸ್ ಅಂಗಾಂಶವನ್ನು ಒಡೆದ ದ್ರಾವಣದಲ್ಲಿ (ಲೈಸೇಟ್) ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್ ಕ್ಯಾಲ್‌ಬಿಂಡಿನ್-ಡಿ9ಕೆ ನೋಡಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವುದು) ಮಾಡಿದರೆ ಪೊರೆ ಖಾಲಿ. 12% ಗ್ಲೈಸಿನ್ ಜೆಲ್, 0.45 ಮೈಕ್ರಾನ್ ರಂಧ್ರದ ಪೊರೆ, 100 ವೋಲ್ಟ್‌ನಲ್ಲಿ 1 ಗಂಟೆ ಟ್ರಾನ್ಸ್‌ಫರ್. ಆಕ್ಟಿನ್ ಚೆನ್ನಾಗಿ ಬರುತ್ತದೆ, ಕ್ಯಾಲ್ಸಿಯಂ ಒಳಬಿಡುವ ಚಾನೆಲ್ ಟಿಆರ್‌ಪಿವಿ6ರ ಆರ್‌ಎನ್‌ಎಯೂ ಸಾಕಷ್ಟಿದೆ. ಈ ಪ್ರೋಟೀನ್ ಮನುಷ್ಯರ ಮಾಸಿನಲ್ಲಿ ಇಲ್ಲ ಎನ್ನಬಹುದೇ? ಇಲ್ಲದಿದ್ದರೆ ಕ್ಯಾಲ್ಸಿಯಂ ಕೋಶ ದಾಟುವುದು ಹೇಗೆ?

ಉತ್ತರ 1:
ಈಗಲೇ ಹಾಗೆ ಬರೆಯಬೇಡಿ. ಆಕ್ಟಿನ್ 42 ಕಿಲೋಡಾಲ್ಟನ್, ಇದು ಬರೀ 9. ಅಷ್ಟು ಪುಟ್ಟ ಪ್ರೋಟೀನ್ 0.45 ಪೊರೆಯಲ್ಲಿ ನಿಲ್ಲದೆ ಆಚೆ ಹೋಗಿಬಿಡುತ್ತದೆ. ಪೊರೆಯ ಹಿಂದೆ ಇನ್ನೊಂದು ಪೊರೆ ಇಟ್ಟು ನೋಡಿ. ಬ್ಯಾಂಡ್ ಅಲ್ಲಿ ಸಿಕ್ಕರೆ ಕಾರಣ ಗೊತ್ತಾಯಿತು. 16% ಟ್ರೈಸಿನ್ ಜೆಲ್, 0.2 ಮೈಕ್ರಾನ್ ಪಿವಿಡಿಎಫ್ ಪೊರೆ, ಟ್ರಾನ್ಸ್‌ಫರ್ 30-40 ನಿಮಿಷ ಸಾಕು. ಬಣ್ಣದ ಅಂಚು ಜೆಲ್‌ನಿಂದ ಹೊರಗೆ ಓಡದಂತೆ ನಿಲ್ಲಿಸಿ.

ಇನ್ನೊಂದು ತೊಂದರೆ ತೊಳೆಯುವಾಗ. ಈ ಆಮ್ಲೀಯ ಪುಟ್ಟ ಪ್ರೋಟೀನುಗಳು ಪೊರೆಯನ್ನು ಸುಲಭವಾಗಿ ಬಿಡುತ್ತವೆ. ಬ್ಲಾಕಿಂಗ್‌ಗೆ (ಪೊರೆಯ ಖಾಲಿ ಜಾಗ ಮುಚ್ಚುವ ಹಂತ) ಮೊದಲು ಪಿಬಿಎಸ್ ಬಫರ್‌ನಲ್ಲಿ 0.2% ಗ್ಲುಟರಾಲ್ಡಿಹೈಡ್ ಹಾಕಿ 45 ನಿಮಿಷ ಇಡಿ, ಅದು ಪ್ರೋಟೀನನ್ನು ಪೊರೆಗೆ ಬಿಗಿಯುತ್ತದೆ. ಕೆಲವು ಪ್ರತಿಕಾಯಗಳಿಗೆ ಇದರಿಂದ ಎಪಿಟೋಪ್ (ಪ್ರತಿಕಾಯ ಅಂಟುವ ಜಾಗ) ಮುಚ್ಚಿಹೋಗುತ್ತದೆ, ಆದ್ದರಿಂದ ಈ ಪ್ರೋಟೀನ್ ಖಚಿತವಾಗಿ ಇರುವ ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಲೋಳೆಪದರದ ಮಾದರಿ ಅದೇ ಪೊರೆಯಲ್ಲಿರಲೇಬೇಕು. ಅದಿಲ್ಲದೆ ಖಾಲಿ ಲೇನ್‌ಗೆ ಅರ್ಥವಿಲ್ಲ.

ಉತ್ತರ 2:
ಎರಡನೇ ಪ್ರಶ್ನೆಗೆ. ತಾಯಿಯ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್, ತಾಯಿಯ ರಕ್ತಕ್ಕೆ ತಾಗಿರುವ ಮಾಸಿನ ಕೋಶಪದರವಾದ ಸಿನ್‌ಸಿಟಿಯೋಟ್ರೋಫೋಬ್ಲಾಸ್ಟ್ ಒಳಗೆ ಸುಮಾರು 0.0001. ಹಾಗಾಗಿ ಟಿಆರ್‌ಪಿವಿ6 ಬಾಗಿಲು ತೆರೆದರೆ ಅದು ಇಳಿಜಾರಿನಲ್ಲೇ ಒಳಬರುತ್ತದೆ. ಕಷ್ಟವಿರುವುದು ಆಚೆ ಬದಿಯಲ್ಲಿ: ಮಗುವಿನ ರಕ್ತದಲ್ಲಿ ಮಟ್ಟ ತಾಯಿಗಿಂತ ಹೆಚ್ಚು, ಅಲ್ಲಿಗೆ ಕೋಶಪೊರೆಯ ಕ್ಯಾಲ್ಸಿಯಂ ಪಂಪು ಪಿಎಂಸಿಎ ಎಟಿಪಿ ಖರ್ಚು ಮಾಡಿ ತಳ್ಳಬೇಕು. ಕ್ಯಾಲ್‌ಬಿಂಡಿನ್ ಪಂಪಲ್ಲ. ನಡುದಾರಿಯಲ್ಲಿ ಕ್ಯಾಲ್ಸಿಯಂ ಹಿಡಿದು ಒಳಗಿನ ಮುಕ್ತ ಮಟ್ಟ ಏರದಂತೆ ನೋಡಿಕೊಂಡು ಸಾಗಿಸುವುದಷ್ಟೇ ಅದರ ಕೆಲಸ. ಈ ಕೆಲಸಕ್ಕೆ ಕ್ಯಾಲ್‌ಬಿಂಡಿನ್-ಡಿ28ಕೆ, ಕ್ಯಾಲ್ಮಾಡ್ಯುಲಿನ್ ಎಂಬ ಬೇರೆ ಪ್ರೋಟೀನುಗಳೂ ಇವೆ.

ಡಿ9ಕೆ ಜೀನ್ ತೆಗೆದ ಇಲಿಗಳಿಗೂ ಸಾಮಾನ್ಯ ಮರಿಗಳೇ ಹುಟ್ಟುತ್ತವೆ. ಟಿಆರ್‌ಪಿವಿ6 ತೆಗೆದರೆ ಮಾತ್ರ ಮಾಸಿನ ಸಾಗಣೆ ಸುಮಾರು 40% ಇಳಿಯುತ್ತದೆ. ಮಗು ಹುಟ್ಟುವ ಹೊತ್ತಿಗೆ ಕೂಡಿಡುವುದು ಸುಮಾರು 30 ಗ್ರಾಂ ಕ್ಯಾಲ್ಸಿಯಂ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೊನೆಯ ಮೂರು ತಿಂಗಳಲ್ಲಿ. ಮಾದರಿಗಳನ್ನು ಹೋಲಿಸುವಾಗ ಗರ್ಭದ ವಾರಗಳು ಹೊಂದಬೇಕಾದದ್ದು ಇದಕ್ಕೇ.

ಪ್ರಶ್ನೆ ಕೇಳಿದವರು:
ಸಾಗಣೆಯನ್ನೇ ಅಳೆಯಲು ಮೈಕ್ರೋವಿಲ್ಲಸ್ ಪೊರೆಯ (ಕೋಶದ ತಾಯಿ ಬದಿಯ ಪೊರೆ) ವೆಸಿಕಲ್‌ಗಳಲ್ಲಿ, ಅಂದರೆ ಅದರಿಂದ ಮಾಡಿದ ಪುಟ್ಟ ಚೀಲಗಳಲ್ಲಿ, ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸಿದರೆ?

ಉತ್ತರ 3:
ಬಳಸಿ, ಆದರೆ ಅಲ್ಲಿ ಮೋಸ ಮಾಡುವುದು ಅಂಟಿಕೊಂಡ ಕ್ಯಾಲ್ಸಿಯಂ. ಒಳಹೋಗದೆ ಪೊರೆಗೆ ಅಂಟಿದ್ದನ್ನೂ ಕೌಂಟರ್ ಎಣಿಸುತ್ತದೆ. ವೆಸಿಕಲ್‌ಗಳ ಕ್ಯಾಲ್ಸಿಯಂ ಹಿಡಿತ ಮಟ್ಟಸವಾದ ಮೇಲೆ ಎ23187 (ಪೊರೆಯ ಮೂಲಕ ಕ್ಯಾಲ್ಸಿಯಂ ದಾಟಿಸುವ ಅಯಾನೋಫೋರ್) ಹಾಕಿ. ಸೋರಿಹೋದದ್ದೇ ಒಳಗಿದ್ದ ಪಾಲು. ಶೂನ್ಯ ಸಮಯದ ಬ್ಲ್ಯಾಂಕ್ ಪ್ರತಿ ಸಲವೂ ಕಳೆಯಿರಿ. ತಣ್ಣನೆಯ ಲ್ಯಾಂಥನಮ್‌ನಿಂದ ನಿಲ್ಲಿಸುವುದಾದರೆ ಬಫರ್‌ನಲ್ಲಿ ಫಾಸ್ಫೇಟ್ ಬೇಡ, ಒತ್ತರ (ಕರಗದ ಗಷ್ಟು) ಕಟ್ಟಿ ಫಿಲ್ಟರ್ ಮುಚ್ಚುತ್ತದೆ, ಹೆಪ್ಸ್ ಬಫರ್ ಇರಲಿ. ವೆಸಿಕಲ್ ತಯಾರಿಸುವಾಗ ಹಾಕಿದ ಇಡಿಟಿಎ (ಕ್ಯಾಲ್ಸಿಯಂ ಬಿಗಿಯಾಗಿ ಹಿಡಿಯುವ ವಸ್ತು) ಪೂರ್ತಿ ತೊಳೆದುಹೋಗಿದೆಯೇ ನೋಡಿಕೊಳ್ಳಿ. ಸ್ವಲ್ಪ ಉಳಿದರೂ ಮುಕ್ತ ಕ್ಯಾಲ್ಸಿಯಂ ನೀವು ಲೆಕ್ಕ ಹಾಕಿದ್ದಕ್ಕಿಂತ ಬಹಳ ಕಡಿಮೆಯಿರುತ್ತದೆ.