ಮೇಜಿನ ಒಂದು ಕುರ್ಚಿ ಖಾಲಿಯಾಗಿದೆ, ಈ ಸಲದ ಕ್ರೂಸ್‌ನಲ್ಲಿ ಏನು ಮಾಡೋಣ?

ಪ್ರಶ್ನೆ

ನಾವು ಎಂಟು ಜನ. ಮೊದಲ ಸಲ ಹಡಗಿನವರೇ ನಮ್ಮನ್ನು ಒಂದು ಊಟದ ಮೇಜಿಗೆ ಹಾಕಿದ್ದರು, ಯಾರಿಗೂ ಯಾರ ಪರಿಚಯವೂ ಇರಲಿಲ್ಲ. ಆಮೇಲೆ ಒಂಬತ್ತು ವರ್ಷ ನಾವೇ ಬುಕಿಂಗ್ ಜೋಡಿಸಿಕೊಂಡು ಒಟ್ಟಿಗೆ ಹೋದೆವು. ನಮ್ಮನ್ನೆಲ್ಲ ನಗಿಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಹಡಗು ಹತ್ತಿದ ದಿನ ರಿಸೆಪ್ಷನ್‌ಗೆ ಹೋಗಿ, ಮುಖ ಗಂಭೀರ ಮಾಡಿಕೊಂಡು, "ಈ ಮೆಟ್ಟಿಲು ಮೇಲೆ ಹೋಗುತ್ತೋ ಕೆಳಗೆ ಹೋಗುತ್ತೋ?" ಅಂತ ಕೇಳುತ್ತಿದ್ದರು. ಒಂಬತ್ತು ವರ್ಷವೂ ಅದೇ ಪ್ರಶ್ನೆ. ನಾವು ಕಂಬದ ಹಿಂದೆ ನಿಂತು ನಗುತ್ತಿದ್ದೆವು.

ನಾಲ್ಕು ತಿಂಗಳ ಹಿಂದೆ ಅವರು ತೀರಿಕೊಂಡರು. ನಮ್ಮ ಮುಂದಿನ ಪ್ರಯಾಣ ಆಗಲೇ ಬುಕ್ ಆಗಿದೆ. ಅವರನ್ನು ನೆನೆಯಬೇಕು. ಆದರೆ ಹತ್ತು ದಿನ ಅಳುಮುಖ ಹಾಕಿಕೊಂಡು ಕೂತರೆ ಅವರೇ ಬೈಯುತ್ತಿದ್ದರು. ಅಸ್ಥಿ ಸ್ವಲ್ಪ ಸಮುದ್ರಕ್ಕೆ ಬಿಡೋಣ ಅಂತ ಒಬ್ಬರು ಹೇಳುತ್ತಿದ್ದಾರೆ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅಂತೀವಿ. ಅವರನ್ನು ಕರೆಯಬೇಕೋ ಬೇಡವೋ ಅದೂ ಗೊತ್ತಾಗುತ್ತಿಲ್ಲ. ಇಂಥದ್ದನ್ನು ಕಂಡವರು ಹೇಳಿ.

ಉತ್ತರ 1

ಹತ್ತಿದ ದಿನವೇ ಹೆಡ್ ವೇಟರ್‌ಗೆ ವಿಷಯ ಹೇಳಿಬಿಡಿ. ನಮ್ಮ ಗುಂಪಿನಲ್ಲೂ ಒಬ್ಬರು ತೀರಿಕೊಂಡಾಗ ನಾವು ಹೇಳಿರಲಿಲ್ಲ. ಅದೇ ಹಡಗು, ಹಿಂದಿನ ವರ್ಷ ನಮಗೆ ಬಡಿಸಿದ್ದ ಅದೇ ಹುಡುಗ. ನಮ್ಮನ್ನು ನೋಡಿ ಖುಷಿಯಿಂದ ಓಡಿಬಂದು, "ಸಾರ್ ಎಲ್ಲಿ? ಯಾವಾಗಿನ ಹಾಗೆ ಲೇಟಾ?" ಅಂದ. ಯಾರಿಗೂ ಮಾತು ಬರಲಿಲ್ಲ. ಪಾಪ, ಹುಡುಗನೂ ಆ ರಾತ್ರಿಯೆಲ್ಲ ಒದ್ದಾಡಿದ.

ಕುರ್ಚಿ ವಿಷಯ. ನಾವು ಅದನ್ನು ಖಾಲಿ ಇಟ್ಟುಕೊಂಡೆವು. ಎರಡು ದಿನ ಅದರ ಕಡೆ ನೋಡದೆ ಊಟ ಮಾಡುವುದೇ ಒಂದು ಕೆಲಸವಾಯಿತು. ಮೂರನೇ ದಿನ ಒಂಟಿಯಾಗಿ ಬಂದಿದ್ದ ಒಬ್ಬರನ್ನು ಅಲ್ಲಿ ಕೂರಿಸಿದರು. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಅವರು ಸೂಕ್ಷ್ಮ ಮನುಷ್ಯ, ಗಾಳಿ ಬೇರೆ ಇದೆ ಅಂತ ಗೊತ್ತಾಗಿ, "ಇಲ್ಲಿ ಯಾರು ಕೂರುತ್ತಿದ್ದರು?" ಅಂತ ಕೇಳಿದರು. ಅಷ್ಟೇ ನೋಡಿ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ಒಂದೂವರೆ ಗಂಟೆ ತೀರಿಹೋದವರ ಕತೆ ಹೇಳಿದೆವು. ನಮ್ಮೊಳಗೆ ಎಲ್ಲರಿಗೂ ಎಲ್ಲ ಕತೆಯೂ ಗೊತ್ತಿತ್ತು, ಅದಕ್ಕೇ ಯಾರೂ ಬಾಯಿ ಬಿಟ್ಟಿರಲಿಲ್ಲ. ಕೇಳುವುದಕ್ಕೆ ಹೊಸ ಕಿವಿ ಬೇಕಿತ್ತು. ಈಗ ಆ ಮನುಷ್ಯ ನಮ್ಮ ಗುಂಪಿನಲ್ಲೇ ಇದ್ದಾರೆ. ತಾವು ಕಂಡೇ ಇಲ್ಲದವರ ಜೋಕನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಉತ್ತರ 2

ಅಸ್ಥಿ ಬಗ್ಗೆ ಮಾತ್ರ ಹೇಳುತ್ತೇನೆ, ನಾವು ಅಮ್ಮನದ್ದು ಬಿಟ್ಟಿದ್ದೇವೆ. ಮೊದಲು ನಿಮ್ಮ ಅಕ್ಕನ ಒಪ್ಪಿಗೆ ಕೇಳಿ. ಅದಿಲ್ಲದೆ ಈ ಮಾತೇ ಎತ್ತಬೇಡಿ.

ರಾತ್ರಿ ಯಾರಿಗೂ ಕಾಣದ ಹಾಗೆ ಬಾಲ್ಕನಿಯಿಂದ ಸುರಿಯುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅನುಮತಿ ಇಲ್ಲದೆ ಸಮುದ್ರಕ್ಕೆ ಏನು ಹಾಕಿದರೂ ಹಡಗಿನವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ, ಹಡಗು ಓಡುವಾಗ ಗಾಳಿ ನಿಮ್ಮ ಮಾತು ಕೇಳುವುದಿಲ್ಲ. ಬೂದಿ ವಾಪಸ್ ನಿಮ್ಮ ಮುಖಕ್ಕೆ ಬರುತ್ತೆ, ಇಲ್ಲವೇ ಕೆಳಗಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿರುವವರ ಲೋಟಕ್ಕೆ.

ಸರಿಯಾದ ದಾರಿ ಕಷ್ಟವೇನಲ್ಲ. ಕೆಲವು ವಾರ ಮೊದಲೇ ಕಂಪನಿಗೆ ಬರೆದು ಕೇಳಿ. ಮರಣ ಪ್ರಮಾಣಪತ್ರ, ದಹನದ ಪತ್ರ ಕೇಳುತ್ತಾರೆ. ನೀರಲ್ಲಿ ಕರಗುವ ಪಾತ್ರೆ ಬೇಕು. ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ, ಹಾರದೊಳಗಿನ ದಾರವೂ ಪ್ಲಾಸ್ಟಿಕ್ ಆಗಿರಬಾರದು. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅನುಬಂಧ 1988ರ ಕೊನೆಯಿಂದ ಹಡಗುಗಳು ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಅಮೆರಿಕದಿಂದ ಹೊರಡುವ ಪ್ರಯಾಣವಾದರೆ, ದಡದಿಂದ ಕನಿಷ್ಠ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಆಚೆ ಬಿಡಬೇಕು, ಆಮೇಲೆ 30 ದಿನದೊಳಗೆ ಅಲ್ಲಿನ ಪರಿಸರ ಸಂಸ್ಥೆಗೆ ತಿಳಿಸಬೇಕು. ಬೇರೆ ದೇಶಗಳ ನಿಯಮ ಬೇರೆ, ಕಂಪನಿಯನ್ನೇ ಕೇಳಿ. ಮನೆಯಿಂದ ತರುವಾಗ ಲೋಹದ ಡಬ್ಬಿ ಬೇಡ. ಎಕ್ಸ್‌ರೇಯಲ್ಲಿ ಒಳಗೇನಿದೆ ಅಂತ ಕಾಣದೆ ಅಲ್ಲೇ ನಿಲ್ಲಿಸಿಬಿಡುತ್ತಾರೆ.

ನಮ್ಮದು ಬೆಳಗಿನ ಆರು ಗಂಟೆಗೆ, ಹಿಂಬದಿಯ ಕೆಳಗಿನ ಡೆಕ್‌ನಲ್ಲಿ ನಡೆಯಿತು. ನಾವು ನಾಲ್ಕು ಜನ, ಜೊತೆಗೆ ಒಬ್ಬ ಆಫೀಸರ್. ಆತ ಟೋಪಿ ತೆಗೆದು ಸುಮ್ಮನೆ ನಿಂತಿದ್ದ. ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಆ ಜಾಗದ ಅಕ್ಷಾಂಶ, ರೇಖಾಂಶ ಬರೆದ ಒಂದು ಕಾಗದ ಕೊಟ್ಟರು. ಅದನ್ನು ಅಪ್ಪ ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾರೆ. "ಇದು ನಿಮ್ಮಮ್ಮನ ಹೊಸ ಅಡ್ರೆಸ್" ಅಂತಾರೆ.

ಉತ್ತರ 3

ದಯವಿಟ್ಟು ಫೋಟೊ ಟೀ ಶರ್ಟ್ ಮಾಡಿಸಬೇಡಿ. ನಾವು ಮಾಡಿಸಿದ್ದೆವು. ಎದೆ ಮೇಲೆ ಗೆಳೆಯನ ಮುಖ, ಕೆಳಗೆ ಹುಟ್ಟಿದ ವರ್ಷ, ಹೋದ ವರ್ಷ. ಲಿಫ್ಟ್‌ಗೆ ಹೋದರೆ ಗುರುತಿಲ್ಲದವರು ಕೈ ಹಿಡಿದು ಸಂತಾಪ ಹೇಳುತ್ತಾರೆ. ಈಜುಕೊಳದ ಹತ್ತಿರ ಯಾರೋ ಒಬ್ಬರು ನನ್ನ ಎದೆ ನೋಡಿಯೇ ಅಳೋಕೆ ಶುರು ಮಾಡಿದರು, ಅವರ ಯಜಮಾನರೂ ಅದೇ ವರ್ಷ ಹೋಗಿದ್ದರಂತೆ. ಮೂರನೇ ದಿನ ಎಲ್ಲವನ್ನೂ ಮಡಿಸಿ ಸೂಟ್‌ಕೇಸ್‌ಗೆ ಹಾಕಿದೆವು.

ಉತ್ತರ 4

ದುಃಖಕ್ಕೆ ಒಂದು ಹೊತ್ತು ಗೊತ್ತು ಮಾಡಿ. ನಮಗೆ ಅದು ಸಿಕ್ಕಿದ್ದು ಆಕಸ್ಮಿಕವಾಗಿ. ಕ್ವೀನ್ ಮೇರಿ 2 ಅನ್ನುವ ಹಡಗಿನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದೆವು. ಪಶ್ಚಿಮಕ್ಕೆ ಹೋಗುವುದರಿಂದ ದಾರಿಯಲ್ಲಿ ಐದು ಸಲ ಗಡಿಯಾರ ಒಂದೊಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅಂದರೆ ಐದು ಗಂಟೆ ಪುಕ್ಕಟೆ. ಅದರಲ್ಲಿ ಮೊದಲನೇದನ್ನು ತೀರಿಹೋದ ಗೆಳತಿಗೆ ಕೊಟ್ಟೆವು. ಡೆಕ್ ಮೇಲೆ ಶಾಲು ಹೊದ್ದು ಕೂತು ಅತ್ತೆವು, ಅವಳ ಹಳೇ ವಾಯ್ಸ್ ಮೆಸೇಜ್ ಹಾಕಿ ಕೇಳಿದೆವು, ಆಮೇಲೆ ನಕ್ಕೆವು. ಗಂಟೆ ಮುಗಿಯಿತು, ಮಲಗಿದೆವು. ಉಳಿದ ದಿನ ಹಗುರವಾಗಿತ್ತು.

ಅವಳದ್ದೂ ಒಂದು ಜೋಕ್ ಇತ್ತು. ಒಂದು ಸಲ ಪೆಸಿಫಿಕ್‌ನಲ್ಲಿ ಪಶ್ಚಿಮಕ್ಕೆ ಹೋಗುವಾಗ ಅಂತರರಾಷ್ಟ್ರೀಯ ದಿನರೇಖೆ ದಾಟಿದೆವು. ಆಗ ಕ್ಯಾಲೆಂಡರಿನಿಂದ ಒಂದು ತಾರೀಖೇ ಮಾಯವಾಗುತ್ತೆ. ಮಾಯವಾಗಿದ್ದು ಅವಳ ಹುಟ್ಟುಹಬ್ಬದ ತಾರೀಖು! "ಹಾಗಾದ್ರೆ ಈ ವರ್ಷ ನನಗೆ ವಯಸ್ಸಾಗಿಲ್ಲ" ಅಂದವಳು ಸಾಯೋವರೆಗೂ ಒಂದು ವರ್ಷ ಕಡಿಮೆ ಹೇಳುತ್ತಿದ್ದಳು. ಅವಳ ಮಕ್ಕಳು ನೆನಪಿನ ಕಾರ್ಡ್ ಅಚ್ಚು ಹಾಕಿಸುವಾಗ ವಯಸ್ಸು ಎಷ್ಟು ಹಾಕೋಣ ಅಂತ ನನಗೆ ಫೋನ್ ಮಾಡಿದರು. ನಾನು ಒಂದು ಕಡಿಮೆ ಹೇಳಿದೆ.

ಉತ್ತರ 5

ಅಕ್ಕನನ್ನು ಕೇಳಿ. ಅವರ ಪರವಾಗಿ ನೀವು ತೀರ್ಮಾನ ಮಾಡಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ತೀರಿಕೊಂಡಾಗ ಅವರ ಹೆಂಡತಿಯನ್ನು "ಪಾಪ, ಅವರಿಗೆ ನೋವಾಗುತ್ತೆ" ಅಂತ ನಾವೇ ಅಂದುಕೊಂಡು ಕರೆಯಲಿಲ್ಲ. ಅವರು ನಮ್ಮ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ನೋಡಿದರು. ಎರಡು ವರ್ಷ ಮಾತು ಬಿಟ್ಟರು. ಗಂಡನೂ ಹೋದ, ಗೆಳೆಯರೂ ಹೋದರು ಅನ್ನಿಸಿತಂತೆ. ಅವರು ಹೇಳಿದ್ದು ಸರಿಯಾಗೇ ಇತ್ತು.

ಇನ್ನೊಂದು ಲೆಕ್ಕದ ಮಾತು. ಇಬ್ಬರ ಕ್ಯಾಬಿನ್‌ನಲ್ಲಿ ಒಬ್ಬರೇ ಹೋದರೆ ಎಷ್ಟೋ ಸಲ ಹೆಚ್ಚುಕಡಿಮೆ ಇಬ್ಬರ ದುಡ್ಡೇ ಆಗುತ್ತೆ. ಅವರು ಒಪ್ಪಿದರೆ ನಿಮ್ಮಲ್ಲಿ ಒಬ್ಬ ಹೆಂಗಸು ಜೊತೆ ಇರಬಹುದು. ಹಳೇ ಕ್ಯಾಬಿನ್ ನಂಬರ್ ಮಾತ್ರ ಕೇಳದೆ ಹಾಕಿಸಬೇಡಿ.

ಉತ್ತರ 6

ರಬ್ಬರ್ ಬಾತುಕೋಳಿ! ಖಾಯಂ ಪ್ರಯಾಣಿಕರಲ್ಲಿ ಬಹಳ ಜನ ಪುಟ್ಟ ಬಾತುಕೋಳಿಗಳನ್ನು ಹಡಗಿನಲ್ಲಿ ಅಲ್ಲಲ್ಲಿ ಬಚ್ಚಿಡುತ್ತಾರಲ್ವಾ, ಸಿಕ್ಕಿದವರದ್ದು ಅದು. ಒಂಬತ್ತು ಬಾತುಕೋಳಿ ತೆಗೆದುಕೊಂಡು, ಒಂದೊಂದರ ಕೊರಳಿಗೂ ಮೇಷ್ಟ್ರ ಪ್ರಶ್ನೆ ಬರೆದ ಚೀಟಿ ಕಟ್ಟಿ, ಮೆಟ್ಟಿಲ ಪಕ್ಕ ಇಟ್ಟುಬಿಡಿ. ಹೆಸರು ಬೇಡ, ಫೋಟೊ ಬೇಡ. ಡೆಕ್ ಕಂಬಿ ಮೇಲೆ ಇಡಬೇಡಿ, ಸಮುದ್ರಕ್ಕೆ ಬೀಳುತ್ತೆ. ನಿಮ್ಮ ಹಡಗಿನಲ್ಲಿ ಇದಕ್ಕೆ ಒಪ್ಪುತ್ತಾರಾ ಅಂತಲೂ ಒಮ್ಮೆ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವಳು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಬರೀ ಮಳೆ ಬಿಸಿಲಿನ ಮಾತಾಡಿ, ಆಮೇಲೆ "ಬರ್ತೀರಾ ಅಕ್ಕಾ?" ಅಂದೆ. "ನಾನು ಬುಕ್ ಮಾಡಿ ಒಂದೂವರೆ ತಿಂಗಳಾಯ್ತು. ನೀವು ಕರೀತೀರೋ ಇಲ್ವೋ ಅಂತ ನೋಡ್ತಾ ಇದ್ದೆ. ಕರೀದೇ ಇದ್ದಿದ್ರೆ ಪಕ್ಕದ ಮೇಜಲ್ಲಿ ಕೂತು ಹತ್ತು ದಿನ ನಿಮ್ಮನ್ನೇ ದುರುಗುಟ್ಟಿಕೊಂಡು ನೋಡ್ತಿದ್ದೆ" ಅಂದರು.

ಅಸ್ಥಿ ಬೇಡವಂತೆ. ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ, ಒಂಬತ್ತು ವರ್ಷವೂ ಕಂಬಿ ಬಿಡದೆ ಹಿಡಿದು ನಿಂತವರನ್ನು ಈಗ ನೀರಿಗೆ ಹಾಕಲಾರೆ ಅಂದರು. ರಿಸೆಪ್ಷನ್ ಪ್ರಶ್ನೆ ಮಾತ್ರ ಈ ಸಲ ತಾವೇ ಕೇಳುತ್ತಾರಂತೆ. ನಗು ಬರದ ಹಾಗೆ ಮುಖ ಇಟ್ಟುಕೊಳ್ಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಾರೆ, ಇನ್ನೂ ಬಂದಿಲ್ಲವಂತೆ.

ಒಂದೇ ಒಂದು ತೊಡಕು. ನಮ್ಮ ಬುಕಿಂಗ್ ಏಜೆಂಟ್ ಮೂಲಕ ಆಗಿದ್ದು, ಅಕ್ಕ ನೇರವಾಗಿ ಮಾಡಿದ್ದಾರೆ. ಒಂದೇ ಮೇಜಿಗೆ ಜೋಡಿಸೋಕೆ ಆಗುತ್ತಾ?

ಉತ್ತರ 1 ಬರೆದವರು

ಸಾಮಾನ್ಯವಾಗಿ ಆಗುತ್ತೆ. ಎರಡೂ ಬುಕಿಂಗ್ ನಂಬರ್ ಕೊಟ್ಟು, ಊಟದ ಹೊತ್ತು ಎರಡರಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ, ಒಬ್ಬರದ್ದು ಬೇಗ ಇನ್ನೊಬ್ಬರದ್ದು ತಡವಾದರೆ ಆಗಲ್ಲ. ಹತ್ತಿದ ದಿನ ಮಧ್ಯಾಹ್ನವೇ ಹೋಗಿ ಮೇಜಿನ ನಂಬರ್ ಖಚಿತ ಮಾಡಿಕೊಳ್ಳಿ. ಎಂಟು ಕುರ್ಚಿಯ ಮೇಜನ್ನೇ ಕೇಳಿ.